ಪೇವರ್ ಹಾಕಿಸುವ ಮುಂಚೆ ಲೋಡ್ ಟ್ರ್ಯಾಕ್ಟರ್ ಓಡಿಸಿ ನೋಡಿ

ಕೋಲಾರ, ಮಾಲೂರು ಕಡೆ ಅಂಗಳಕ್ಕೆ ಪೇವರ್ (ನೆಲಕ್ಕೆ ಜೋಡಿಸುವ ಸಿಮೆಂಟ್ ಬ್ಲಾಕ್) ಹಾಕಿಸುವವರು ಜಲ್ಲಿ ಹರಡುವ ಮುಂಚೆ ಮಣ್ಣು ತುಂಬಿದ ಟ್ರ್ಯಾಕ್ಟರನ್ನು ಜಾಗದ ಮೇಲೆಲ್ಲ ನಿಧಾನವಾಗಿ ಓಡಿಸಿ (ಸಂಪ್ ಮೇಲೆ ಮಾತ್ರ ಹತ್ತಿಸಬೇಡಿ). ಚಕ್ರ ಕುಸಿದ ಕಡೆ ಸುಣ್ಣದಲ್ಲಿ ಗುರುತು ಹಾಕಿ, ಅಗೆದು, ಗರಸು ಮಣ್ಣನ್ನು 4 ಇಂಚಿನ ಪದರಗಳಲ್ಲಿ ನೀರು ಚಿಮುಕಿಸಿ ದಮ್ಮಸ್ಸು ಮಾಡಿಸಿ. ನೆಲ ಬಡಿಯುವ ಸಣ್ಣ ಯಂತ್ರದ (ಪ್ಲೇಟ್ ಕಾಂಪ್ಯಾಕ್ಟರ್) ಹೊಡೆತ ಆಳಕ್ಕೆ ಇಳಿಯುವುದಿಲ್ಲ. ಪೈಪ್ ಹೂತ ಕಡೆ, ಪಾಯದ ಪಕ್ಕ ತುಂಬಿದ ಸಡಿಲ ಮಣ್ಣು ಭಾರ ಬಿದ್ದಾಗಲೇ ಗೊತ್ತಾಗೋದು. ತಗ್ಗಿಗೆ ಎಂ-ಸ್ಯಾಂಡ್ ಸುರಿದು ಮಟ್ಟ ಮಾಡ್ತೀನಿ ಅಂದರೆ ಒಪ್ಪಬೇಡಿ. ಪೇವರ್ ಕೆಳಗಿನ ಮರಳು 30–40 ಮಿ.ಮೀ. ದಾಟಿದರೆ ಅಲ್ಲೇ ಕುಸಿಯುತ್ತದೆ. ಒಣಗಿದ ಎರೆಮಣ್ಣಿನಲ್ಲಿ ಈ ಪರೀಕ್ಷೆ ನಂಬುವಂತಿಲ್ಲ: ಬೇಸಿಗೆಯಲ್ಲಿ ಗಟ್ಟಿಯಾಗಿದ್ದು ಮಳೆಗೆ ಉಬ್ಬುತ್ತದೆ, ಅದನ್ನು ಒಂದೂವರೆ ಅಡಿಯಾದರೂ ತೆಗೆದು ಗರಸು ತುಂಬಿಸಬೇಕು. ಕಾರಿಗೆ 60 ಮಿ.ಮೀ. ದಪ್ಪದ ಪೇವರ್ ಸಾಕು, ನೀರಿನ ಟ್ಯಾಂಕರ್ ಒಳಗೆ ಬರುವುದಾದರೆ 80 ತಗೊಳ್ಳಿ.