ಟರ್ಬೊ ಪೆಟ್ರೋಲ್ ಗಾಡಿ ಬೂಸ್ಟ್‌ನಲ್ಲಿ ಮಿಸ್ ಹೊಡೀತಿದ್ರೆ ಮೊದಲು ಇದನ್ನ ನೋಡಿ

ಐಡಲ್‌ನಲ್ಲಿ ಎಲ್ಲಾ ಸರಿ ಇದ್ದು ಆಕ್ಸಿಲರೇಟರ್ ಜೋರಾಗಿ ತುಳಿದಾಗ ಮಾತ್ರ ಜರ್ಕ್ ಹೊಡೆದು ಸೈಲೆನ್ಸರ್ ಪಟ್ ಪಟ್ ಅಂತಿದ್ರೆ ದಯವಿಟ್ಟು ಟರ್ಬೊ ಬಿಚ್ಚೋಕೆ ಹೋಗ್ಬೇಡಿ, ಮೊದಲು ಕಿಡಿ ಹಾರಿಸೋ ಪ್ಲಗ್ ಮತ್ತೆ ಅದಕ್ಕೆ ವೋಲ್ಟೇಜ್ ಕೊಡೋ ಕಾಯಿಲ್ ನೋಡಿ. ಬೂಸ್ಟ್ ಬಂದಾಗ, ಅಂದ್ರೆ ಟರ್ಬೊ ಗಾಳಿ ಒತ್ತಿ ತುಂಬುವಾಗ, ಸಿಲಿಂಡರ್ ಒಳಗೆ ಪ್ರೆಶರ್ ಏರುತ್ತೆ, ಕಿಡಿ ಹಾರೋಕೆ ವೋಲ್ಟೇಜೂ ಜಾಸ್ತಿ ಬೇಕು, ಪ್ಲಗ್ ಸವೆದು ಗ್ಯಾಪ್ ಅಗಲ ಆಗಿದ್ರೆ ಇಲ್ಲಾ ಕಾಯಿಲ್ ವೀಕ್ ಇದ್ರೆ ಅಲ್ಲೇ ಕೈ ಕೊಡೋದು. ಸ್ಕ್ಯಾನರ್‌ನಲ್ಲಿ ಪಿ0302 ಕೋಡ್ ಬಂದ್ರೆ ಮಿಸ್ ಆಗ್ತಿರೋದು (ಪೆಟ್ರೋಲ್ ಸರಿಯಾಗಿ ಉರೀದೇ ಇರೋದು) 2ನೇ ಸಿಲಿಂಡರ್, ಅದರ ಕಾಯಿಲ್ 3ಕ್ಕೆ ಹಾಕಿ ಓಡ್ಸಿ, ಕೋಡ್ ಪಿ0303 ಆದ್ರೆ ಕಾಯಿಲ್ ಹೋಗಿದೆ, ಇಲ್ಲಾಂದ್ರೆ ಪ್ಲಗ್‌ನೂ ಹಂಗೇ ಅದಲು ಬದಲು ಮಾಡಿ. ಪ್ಲಗ್‌ನ ಬಿಳಿ ಪಿಂಗಾಣಿ ಮೇಲೆ ಕೂದಲೆಳೆಯಷ್ಟು ಸಣ್ಣ ಕಪ್ಪು ಗೆರೆ ಇದ್ರೆ ಕರೆಂಟ್ ಹೊರಗಿಂದ ಲೀಕ್ ಆಗ್ತಿದೆ, ಪ್ಲಗ್ ಅನ್ನ ಕಾಯಿಲ್ ಬೂಟ್ (ಪ್ಲಗ್ ಮೇಲೆ ಕೂರೋ ರಬ್ಬರ್ ಕೊಳವೆ) ಸಮೇತ ಬದಲಾಯಿಸಿ. ಕಪ್ಪು ಹೊಗೆನೂ ಬರ್ತಿದ್ರೆ ಟರ್ಬೊ ಗಾಳಿ ಲೀಕ್ ಆಗ್ತಿರಬಹುದು, ಆ ಗಾಳಿ ತಣ್ಣಗೆ ಮಾಡೋ ಇಂಟರ್‌ಕೂಲರ್ ಪೈಪಿನ ಕ್ಲಾಂಪ್ ಚೆಕ್ ಮಾಡಿ. ಚೆಕ್ ಎಂಜಿನ್ ಲೈಟ್ ಮಿಣುಕ್ತಿದ್ರೆ ಮಾತ್ರ ಓಡಿಸ್ಲೇಬೇಡಿ, ಉರೀದೇ ಇರೋ ಪೆಟ್ರೋಲ್ ಹೋಗಿ ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್ ಸುಟ್ಟೋಗುತ್ತೆ.