ಅಪ್ಪನ ಎತ್ತರ ಅಳೆದು ನೋಡಿ

ಕಾಸರಗೋಡಿನ ಬದಿಯಡ್ಕ ಕಡೆಯ ನಮ್ಮ ಮನೆಯಂಗಳದಲ್ಲಿ ಆಟಿ ತಿಂಗಳ ಮಳೆಯ ಹಾವಸೆಗೆ ಜಾರಿ ಅಪ್ಪ ಕೈಯೂರಿ ಬಿದ್ದರು. ಮಣಿಕಟ್ಟು ಮುರಿಯಿತು. ಆಗ ಅವರಿಗೆ 71. ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕಿ, "ಪ್ರಾಯ ಆಯಿತಲ್ಲ" ಎಂದು ಕಳಿಸಿಕೊಟ್ಟರು. ನಿಂತಲ್ಲಿಂದ ಬಿದ್ದಷ್ಟಕ್ಕೇ ಮುರಿದರೆ ಎಲುಬು ಟೊಳ್ಳಾಗಿದೆಯೇ ಎಂದು ನೋಡಬೇಕು. ಅದನ್ನು ಯಾರೂ ಹೇಳಲಿಲ್ಲ. ಎರಡು ವರ್ಷ ಕಳೆದು ಬೆನ್ನೆಲುಬು ಕುಸಿದಾಗಲೇ ನಮಗೆ ಗೊತ್ತಾದದ್ದು. ಎಲುಬು ಸವೆಯುವುದು ಹೆಂಗಸರಿಗೆ ಮಾತ್ರ ಎಂದು ನಾವೂ ನಂಬಿದ್ದೆವು.

ಗಂಡಸರ ಎಲುಬನ್ನು ಕಾಯುವುದರಲ್ಲೂ ಹೆಣ್ಣಿನ ಹಾರ್ಮೋನ್ ಎನಿಸಿದ ಈಸ್ಟ್ರೋಜನ್‌ನದೇ ದೊಡ್ಡ ಪಾಲು. ಗಂಡು ಹಾರ್ಮೋನ್ ಆದ ಟೆಸ್ಟೋಸ್ಟೆರಾನ್‌ನ ಒಂದಂಶ ದೇಹದಲ್ಲೇ ಈಸ್ಟ್ರೋಜನ್ ಆಗಿ ಬದಲಾಗಿ, ಎಲುಬು ಅತಿಯಾಗಿ ಕರಗದಂತೆ ತಡೆಯುತ್ತದೆ. 1994ರಲ್ಲಿ ವೈದ್ಯರು 28 ವರ್ಷದ ಒಬ್ಬ ಯುವಕನ ಬಗ್ಗೆ ವರದಿ ಮಾಡಿದರು. ಟೆಸ್ಟೋಸ್ಟೆರಾನ್ ಸರಿಯಾಗಿಯೇ ಇತ್ತು, ಆದರೆ ಈಸ್ಟ್ರೋಜನ್ ಅವನ ದೇಹಕ್ಕೆ ತಾಗುತ್ತಲೇ ಇರಲಿಲ್ಲ. 204 ಸೆಂ.ಮೀ. ಎತ್ತರದ ಆಳು, ಎಲುಬು ಮಾತ್ರ ಟೊಳ್ಳು. ಪ್ರಾಯವಾದಂತೆ ಈ ಹಾರ್ಮೋನುಗಳನ್ನು ಹಿಡಿದಿಟ್ಟುಕೊಳ್ಳುವ ಪ್ರೋಟೀನ್ ರಕ್ತದಲ್ಲಿ ಏರುತ್ತದೆ. ಎಲುಬಿಗೆ ಸಿಗುವ ಪಾಲು ಇಳಿಯುತ್ತದೆ.

ಬೆನ್ನೆಲುಬು ಕುಸಿದರೆ ಎತ್ತರ ಕುಗ್ಗುತ್ತದೆ. ಹಾಗಾಗಿ ಮೊದಲು ನಿಮ್ಮಪ್ಪನ ಎತ್ತರ ಅಳೆಯಿರಿ. ಬರಿಗಾಲಲ್ಲಿ ಹಿಮ್ಮಡಿ ಗೋಡೆಗೆ ತಾಗಿಸಿ ನಿಲ್ಲಿಸಿ, ನೆತ್ತಿಯ ಮೇಲೆ ಪುಸ್ತಕವಿಟ್ಟು ಪೆನ್ಸಿಲಿನಲ್ಲಿ ಗೆರೆ ಎಳೆಯಿರಿ. ಹರೆಯದಲ್ಲಿದ್ದ ಎತ್ತರಕ್ಕಿಂತ 4 ಸೆಂ.ಮೀ.ಗಿಂತ ಹೆಚ್ಚು ಕುಗ್ಗಿದ್ದರೆ ಬೆನ್ನಿನ ಎಕ್ಸ್‌ರೇ ಬೇಕು. ನಮ್ಮಪ್ಪನ ಪಂಚೆ ನೆಲಕ್ಕೆ ಎಳೆಯತೊಡಗಿತ್ತು. ಅಮ್ಮ ಉಡಿಸುವಾಗ ಒಂದು ಮಡಿಕೆ ಹೆಚ್ಚು ಹಾಕುತ್ತಿದ್ದರು, ಅಷ್ಟೇ.

ಬಳಿಕ ಡಾಕ್ಟರಿಗೆ ಹೇಳಬೇಕಾದ್ದನ್ನು ಚೀಟಿಯಲ್ಲಿ ಬರೆದುಕೊಳ್ಳಿ: ಹಿಂದೆ ಮುರಿದ ಎಲುಬು, ದಮ್ಮಿಗೆ (ಉಬ್ಬಸಕ್ಕೆ) ತಿಂಗಳುಗಟ್ಟಲೆ ನುಂಗಿದ ಸ್ಟೀರಾಯ್ಡ್ ಮಾತ್ರೆ, ಬೀಡಿ, ಕುಡಿತ. ಪ್ರಾಸ್ಟೇಟ್ ಕ್ಯಾನ್ಸರ್‌ಗೆ ಹಾರ್ಮೋನ್ ಇಳಿಸುವ ಇಂಜೆಕ್ಷನ್ ನಡೆಯುತ್ತಿದ್ದರೆ ಅದನ್ನೇ ಮೊದಲು ಹೇಳಿ. ಅಂಥವರಲ್ಲಿ ಎಲುಬು ಬೇಗ ಸವೆಯುತ್ತದೆ.

ಎಲುಬಿನ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಲು ನಮ್ಮ ಕಡೆಯವರು ಮಂಗಳೂರಿಗೇ ಹೋಗುವುದು ಹೆಚ್ಚು. ನೋವಿಲ್ಲ, ಕೆಲವೇ ನಿಮಿಷದ ಕೆಲಸ. ಆರೋಗ್ಯವಂತ ಹರೆಯದವರ ಎಲುಬಿಗೆ ಹೋಲಿಸಿ ಕೊಡುವ ಅಂಕವೇ ಟಿ-ಸ್ಕೋರ್. ಅದು ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೋಪೊರೋಸಿಸ್, ಅಂದರೆ ಎಲುಬು ಟೊಳ್ಳಾಗುವ ರೋಗ. ಟೆಸ್ಟೋಸ್ಟೆರಾನ್ ಪರೀಕ್ಷೆ ಬರೆದುಕೊಟ್ಟರೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲೇ ರಕ್ತ ಕೊಡಿ. ಕಡಿಮೆ ಬಂದರೆ ಇನ್ನೊಂದು ದಿನ ಮತ್ತೆ ನೋಡಿಸಬೇಕು.

ಇಲ್ಲೇ ಎಚ್ಚರ ಬೇಕು. ಟೆಸ್ಟೋಸ್ಟೆರಾನ್ ಹಚ್ಚಿದರೆ ಎಲುಬು ಗಟ್ಟಿಯಾದೀತು ಎಂದು ಸ್ವಂತಕ್ಕೆ ಜೆಲ್ ತರಿಸಬೇಡಿ. 2024ರಲ್ಲಿ ಪ್ರಕಟವಾದ, 5,000ಕ್ಕೂ ಹೆಚ್ಚು ಗಂಡಸರ ಅಧ್ಯಯನದಲ್ಲಿ ಜೆಲ್ ಹಚ್ಚಿದವರಿಗೆ ಎಲುಬು ಮುರಿತ ಕಡಿಮೆಯಾಗಲಿಲ್ಲ, ಹೆಚ್ಚೇ ಆಯಿತು. ಎಲುಬಿಗೆ ಬೇರೆಯೇ ಮದ್ದುಗಳಿವೆ. ಅಪ್ಪನಿಗೆ ಕೊಟ್ಟದ್ದು ವಾರಕ್ಕೊಂದು ಅಲೆಂಡ್ರೊನೇಟ್ ಮಾತ್ರೆ. ಭಾನುವಾರ ಬೆಳಿಗ್ಗೆ ಒಂದು ದೊಡ್ಡ ಲೋಟ ನೀರಿನಲ್ಲಿ ನುಂಗಿ, ಅರ್ಧ ಗಂಟೆ ಮಲಗದೆ, ಕಾಫಿಯನ್ನೂ ಕುಡಿಯದೆ, ಜಗಲಿಯಲ್ಲಿ ನೆಟ್ಟಗೆ ಕೂತಿರುತ್ತಾರೆ. ಮಲಗಿದರೆ ಮಾತ್ರೆ ಅನ್ನನಾಳವನ್ನು ಸುಡಬಹುದು.

ಊಟಕ್ಕೆ ರಾಗಿ, ಮಜ್ಜಿಗೆ, ತಿನ್ನುವವರಿಗೆ ಮುಳ್ಳುಸಹಿತ ಬೂತಾಯಿ ಮೀನು. ವಿಟಮಿನ್ ಡಿ ಡಾಕ್ಟರ್ ಹೇಳಿದಷ್ಟೇ. ನಮ್ಮಲ್ಲಿ ಈಗ ಮಳೆ ಹಿಡಿಯುವ ಮೊದಲೇ ಅಂಗಳಕ್ಕೆ ಅಡಿಕೆ ಸೋಗೆ ಹಾಸುತ್ತೇವೆ, ಬಚ್ಚಲ ಗೋಡೆಗೆ ಕಬ್ಬಿಣದ ಹಿಡಿಕೆ ಹೊಡೆಸಿದ್ದೇವೆ.