ಸೊಲೆಂಟ್‌ನಲ್ಲಿ ನಮ್ಮ ಮೋಟಾರ್ ಕ್ರೂಸರ್: ಸೌಕರ್ಯ ಎಂದರೆ ಯಾವುದು

ಇಂಗ್ಲೆಂಡಿನ ದಕ್ಷಿಣ ತೀರಕ್ಕೂ ವೈಟ್ ದ್ವೀಪಕ್ಕೂ ನಡುವಿನ ಸೊಲೆಂಟ್ ಜಲಸಂಧಿಯಲ್ಲಿ ವಾರಾಂತ್ಯಗಳನ್ನು ಕಳೆಯಲೆಂದು ನಾನೂ ನನ್ನ ಹೆಂಡತಿಯೂ ಸುಮಾರು 11 ಮೀಟರ್ ಉದ್ದದ, ಎರಡು ಡೀಸೆಲ್ ಎಂಜಿನ್‌ಗಳಿರುವ ಹಳೆಯ ಮೋಟಾರ್ ಕ್ರೂಸರ್ ಒಂದನ್ನು ಕೊಂಡೆವು. ಇಂಥ ದೋಣಿಗಳ ಮಾರಾಟದ ವಿವರಗಳಲ್ಲಿ ಆರು ಜನ ಮಲಗಬಹುದೆಂದು ಬರೆದಿರುವುದುಂಟು. ಊಟದ ಮೇಜನ್ನು ತಗ್ಗಿಸಿ, ಅದರ ಮೇಲೆ ಮೆತ್ತೆ ಹಾಸಿ ಮಾಡುವ ಹಾಸಿಗೆಯೂ ಆ ಲೆಕ್ಕದಲ್ಲಿ ಸೇರಿರುತ್ತದೆ. ಅಲ್ಲಿ ಮಲಗಿದವರು ಏಳುವ ತನಕ ಉಳಿದವರಿಗೆ ಕಾಫಿಗೆ ಕೂರಲೂ ಜಾಗವಿಲ್ಲ. ಆದ್ದರಿಂದ ನಾವು ಹಾಸಿಗೆಗಳನ್ನು ಎಣಿಸುವುದನ್ನು ಬಿಟ್ಟು, ಬಾಗಿಲಿರುವ ಎರಡು ಕ್ಯಾಬಿನ್‌ಗಳು ಮತ್ತು ನೆಟ್ಟಗೆ ನಿಂತು ಸ್ನಾನ ಮಾಡಬಹುದಾದ ಶವರ್ ಇವೆಯೇ ಎಂದಷ್ಟೇ ನೋಡಿದೆವು.

ದೋಣಿಗಳ ತಂಗುದಾಣವಾದ ಮರೀನಾದಲ್ಲಿ ಕಟ್ಟಿದಾಗ ದಡದಿಂದ 230 ವೋಲ್ಟ್ ವಿದ್ಯುತ್ ಸಿಗುತ್ತದೆ. ಲಂಗರು ಹಾಕಿ ರಾತ್ರಿ ಕಳೆಯುವಾಗ ಎಲ್ಲವೂ ಬ್ಯಾಟರಿಯಿಂದಲೇ ನಡೆಯಬೇಕು. 12 ವೋಲ್ಟಿನ ಕಂಪ್ರೆಸರ್ ಫ್ರಿಜ್ ಓಡುವಾಗ ನಾಲ್ಕೈದು ಆಂಪಿಯರ್ ಎಳೆಯುತ್ತದೆ. ಸೀಸ-ಆಮ್ಲದ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡಿದರೆ ಅದರ ಆಯುಸ್ಸು ಬೇಗ ಮುಗಿಯುವುದರಿಂದ, ಬ್ಯಾಟರಿಯ ಮೈಮೇಲೆ ಬರೆದಿರುವ ಸಾಮರ್ಥ್ಯದಲ್ಲಿ ಅರ್ಧವನ್ನು ಮಾತ್ರ ನಮ್ಮದೆಂದು ಹಿಡಿದು ಲೆಕ್ಕ ಹಾಕಿದೆ. ಎಂಜಿನ್ ಸ್ಟಾರ್ಟ್ ಮಾಡುವ ಬ್ಯಾಟರಿಯನ್ನು ಇವುಗಳಿಂದ ಪೂರ್ತಿ ಬೇರೆ ಇಟ್ಟಿದ್ದೇನೆ.

ಬಿಸಿನೀರಿನ ಏರ್ಪಾಡು ನನಗೆ ಬಹಳ ಮೆಚ್ಚುಗೆಯಾದದ್ದು. ಎಂಜಿನ್ನನ್ನು ತಂಪಾಗಿಡಲು ಹರಿಯುವ ದ್ರವ (ಕೂಲಂಟ್) ಬಿಸಿಯಾಗಿ ಒಂದು ಸುರುಳಿಯ ಮೂಲಕ ಹಾದು ಟ್ಯಾಂಕಿನ ನೀರನ್ನು ಕಾಯಿಸುತ್ತದೆ. ದಡದ ವಿದ್ಯುತ್ ಇದ್ದಾಗ ಅದೇ ಟ್ಯಾಂಕಿನೊಳಗಿನ ಹೀಟರ್ ಆ ಕೆಲಸ ಮಾಡುತ್ತದೆ. ಸಂಜೆ ಲಂಗರು ಹಾಕಿದರೆ ಮರುದಿನ ಬೆಳಗಿನ ಸ್ನಾನಕ್ಕೂ ನೀರು ಬೆಚ್ಚಗಿರುತ್ತದೆ. ಆದರೆ ಎಂಜಿನ್ನಿನಿಂದ ಕಾದ ನೀರು ಕೈ ಸುಡುವಷ್ಟಿರುತ್ತದೆ, ಆದ್ದರಿಂದ ತಣ್ಣೀರನ್ನು ತಾನಾಗಿ ಬೆರೆಸುವ ವಾಲ್ವ್ ಒಂದನ್ನು ಹಾಕಿಸಿದೆವು.

ದೋಣಿಯಲ್ಲಿ ನೆಮ್ಮದಿಯ ನಿಜವಾದ ಶತ್ರು ಚಳಿಯಲ್ಲ, ತೇವ. ರಾತ್ರಿಯಿಡೀ ನಮ್ಮ ಉಸಿರಿನ ಆವಿ ತಣ್ಣನೆಯ ಫೈಬರ್‌ಗ್ಲಾಸಿನ ಮೇಲೆ ಹನಿಗಟ್ಟುತ್ತದೆ. ಬೆಳಿಗ್ಗೆ ಹಾಸಿಗೆ ಎತ್ತಿದರೆ ಅಡಿಭಾಗ ಒದ್ದೆ, ಕೆಲವು ವಾರ ಬಿಟ್ಟರೆ ಕಪ್ಪು ಬೂಷ್ಟು. ಹಾಸಿಗೆಯ ಕೆಳಗಿನ ಹಲಗೆಗೆ ತೂತುಗಳನ್ನು ಕೊರೆದು, ನಡುವೆ ಗಾಳಿಯಾಡುವ ಜಾಲರಿ ಹಾಸಿದ ಮೇಲೆ ಆ ಕಾಟ ತಪ್ಪಿತು. ಡೀಸೆಲ್ ಹೀಟರ್ ಹೊಗೆಯನ್ನು ಹೊರಗೆ ಬಿಟ್ಟು ಒಣ ಬಿಸಿಗಾಳಿಯನ್ನು ಮಾತ್ರ ಒಳಗೆ ಕೊಡುತ್ತದೆ. ಗ್ಯಾಸ್ ಒಲೆಯ ಗುಣ ಇದಕ್ಕೆ ತದ್ವಿರುದ್ಧ: ಒಂದು ಕಿಲೋ ಬ್ಯುಟೇನ್ ಉರಿದರೆ ಸುಮಾರು ಒಂದೂವರೆ ಕಿಲೋ ನೀರಾವಿ ಹುಟ್ಟುತ್ತದೆ. ಹಾಗಾಗಿ ಅನ್ನ, ಬೇಳೆ ಎರಡಕ್ಕೂ ನಮ್ಮ ಮನೆಯ ಕುಕ್ಕರನ್ನೇ ಬಳಸುತ್ತೇವೆ. ಗ್ಯಾಸೂ ಕಡಿಮೆ, ಆವಿಯೂ ಕಡಿಮೆ. ಪಕ್ಕದಲ್ಲಿ ದೊಡ್ಡ ಹಡಗು ಹಾದು ದೋಣಿ ಹೊಯ್ದಾಡಿದರೂ ಮುಚ್ಚಳ ಬಿಗಿದಿರುವುದರಿಂದ ಬೇಳೆ ಚೆಲ್ಲುವುದಿಲ್ಲ. ಎಲ್‌ಪಿಜಿ ಗಾಳಿಗಿಂತ ಭಾರವಾದ್ದರಿಂದ, ಸೋರಿದ್ದು ದೋಣಿಯ ತಳದಲ್ಲಿ ಸೇರದಂತೆ ಸಿಲಿಂಡರಿನ ಗೂಡಿನಿಂದ ಹೊರಕ್ಕೆ ಹರಿದುಹೋಗುವ ಕೊಳವೆ ಇರಲೇಬೇಕು. ಕೊಳ್ಳುವ ಮೊದಲೇ ನಾನು ಪರೀಕ್ಷಿಸಿದ್ದು ಅದನ್ನು. ಕಾರ್ಬನ್ ಮಾನಾಕ್ಸೈಡ್ ಅಲಾರಂ ಮಲಗುವ ಕ್ಯಾಬಿನ್ನಿನಲ್ಲೂ ಇದೆ.

ವೇಗದ ವಿಚಾರವೂ ಸೌಕರ್ಯಕ್ಕೆ ಸೇರಿದ್ದೇ. ಏಳು ನಾಟ್‌ನಲ್ಲಿ (ಗಂಟೆಗೆ ಸುಮಾರು 13 ಕಿ.ಮೀ.) ಹೋದರೆ ಮಾತು ಕೇಳಿಸುತ್ತದೆ, ಚಹಾ ಲೋಟದಲ್ಲೇ ಉಳಿಯುತ್ತದೆ. ಇಪ್ಪತ್ತಕ್ಕೆ ಏರಿಸಿದರೆ ಡೀಸೆಲ್ ಖರ್ಚು ಹಲವು ಪಟ್ಟಾಗುತ್ತದೆ. ಆದರೆ ಸೊಲೆಂಟ್‌ನ ಪಶ್ಚಿಮ ತುದಿಯ ಹರ್ಸ್ಟ್ ಕೋಟೆಯ ಬಳಿಯ ಕಿರಿದಾದ ದಾರಿಯಲ್ಲಿ ದೊಡ್ಡ ಉಬ್ಬರವಿಳಿತದ ದಿನಗಳಲ್ಲಿ ಸೆಳೆತ ನಾಲ್ಕು ನಾಟ್ ದಾಟುವುದರಿಂದ, ಎದುರಾಗಿ ಹೋಗಬೇಕಾದಾಗ ಆ ಹೆಚ್ಚಿನ ಶಕ್ತಿ ಉಪಯೋಗಕ್ಕೆ ಬರುತ್ತದೆ. ಮೇಲಿನ ತೆರೆದ ಮಹಡಿಯಿಂದ ದೋಣಿ ನಡೆಸುವುದು ಫೋಟೊಗಳಲ್ಲಿ ಚೆನ್ನಾಗಿ ಕಾಣುತ್ತದೆ, ನಿಜ. ಇಲ್ಲಿನ ಮಳೆಯಲ್ಲಿ ನಾವು ಹೆಚ್ಚಾಗಿ ಕೂರುವುದು ಒಳಗಿನ ಸ್ಟೀರಿಂಗಿನ ಮುಂದೆಯೇ. ಅದಕ್ಕಾಗಿ ಹೀಟರಿನ ಒಂದು ಕೊಳವೆಯನ್ನು ಮುಂದಿನ ಗಾಜಿನ ಬುಡಕ್ಕೆ ಎಳೆದು, ಮಂಜು ಹಿಡಿಯದಂತೆ ಮಾಡಿಕೊಂಡಿದ್ದೇನೆ.